ಮಕ್ಕಳಿಗೆ ಮೊದಲ ಗಿಟಾರ್: ಕೊಳ್ಳುವ ಮುನ್ನ, ಕೊಂಡ ನಂತರ

ಕೆಲವು ವರ್ಷಗಳ ಹಿಂದಿನ ಮಾತು. ನಮ್ಮ ಶಾಲೆಯ ಏಳನೆಯ ತರಗತಿಯ ವಿದ್ಯಾರ್ಥಿನಿಯೊಬ್ಬಳಿಗೆ ಅವಳ ತಂದೆ ಅಡಿಕೆ ಮಾರಿದ ಹಣದಲ್ಲಿ ಗಿಟಾರ್ ತಂದುಕೊಟ್ಟರು. ಮೂರೇ ವಾರಗಳಲ್ಲಿ ಅವಳು ಅದನ್ನು ಕಪಾಟಿನ ಮೇಲೆ ಇಟ್ಟುಬಿಟ್ಟಳು. ಬೆರಳ ತುದಿಗಳು ಒಡೆದಿದ್ದವು. "ನನಗೆ ಸಂಗೀತ ಒಲಿಯುವುದಿಲ್ಲ ಟೀಚರ್" ಎಂದು ಅವಳು ಹೇಳಿದಾಗ ನಾನೂ ಅದನ್ನು ನಂಬಿದೆ. ಒಂದು ವರ್ಷದ ಬಳಿಕ ವಾದ್ಯ ದುರಸ್ತಿ ಬಲ್ಲವರೊಬ್ಬರು ಆ ಗಿಟಾರನ್ನು ನೋಡಿ, ತಂತಿಗಳು ಇರಬೇಕಾದುದಕ್ಕಿಂತ ಬಹಳ ಎತ್ತರದಲ್ಲಿವೆ ಎಂದರು. ಒಂದು ತುಂಡು ಪ್ಲಾಸ್ಟಿಕ್ ಪಟ್ಟಿಯನ್ನು ಮೂರು ಮಿಲಿಮೀಟರ್ ತೇಯ್ದರು. ಅರ್ಧ ದಿನದ ಕೆಲಸ. ಅಂದಿನಿಂದ ಅವಳು ನುಡಿಸುತ್ತಿದ್ದಾಳೆ.

ಮಗುವಿಗೆ ಪ್ರತಿಭೆ ಇರಲಿಲ್ಲವೆಂದಲ್ಲ, ವಾದ್ಯ ಸಿದ್ಧವಾಗಿರಲಿಲ್ಲ. ಅಗ್ಗದ ಗಿಟಾರುಗಳಲ್ಲಿ ಅನೇಕವು ಅಂಗಡಿಯಿಂದ ಹೊರಬರುವಾಗ ಹೀಗೆಯೇ ಇರುತ್ತವೆ. ಅವು ಕೆಟ್ಟ ವಾದ್ಯಗಳಲ್ಲ, ಹದಗೊಳಿಸದ ವಾದ್ಯಗಳು. ಹದಗೊಳಿಸುವ ಬಗೆಯನ್ನು ವಿವರಿಸುವ ಕೈಪಿಡಿಗಳು ಮಾತ್ರ ಹೆಚ್ಚಾಗಿ ಇಂಗ್ಲಿಷಿನಲ್ಲಿವೆ. ಕನ್ನಡ ಮಾಧ್ಯಮದ ಮನೆಗಳಿಗೆ ಅದೇ ಒಂದು ತಡೆಗೋಡೆಯಾಗಬಾರದೆಂಬ ಉದ್ದೇಶದಿಂದ ಈ ಲೇಖನವನ್ನು ಸಿದ್ಧಪಡಿಸಿದ್ದೇನೆ.

ಕೇರಳದ ಶಾಲಾ ಕಲೋತ್ಸವದಲ್ಲಿ ಕನ್ನಡ ಪದ್ಯ ಪಠಣ, ಯಕ್ಷಗಾನಗಳಂತೆಯೇ ಪಾಶ್ಚಾತ್ಯ ಗಿಟಾರ್ ಕೂಡ ಒಂದು ಸ್ಪರ್ಧಾ ವಿಭಾಗ. ಮೊದಲೆರಡರಲ್ಲಿ ನಮ್ಮ ಮಕ್ಕಳು ಹಿಂಜರಿಯದೆ ವೇದಿಕೆ ಏರುತ್ತಾರೆ. ಮೂರನೆಯದು ನಮ್ಮದಲ್ಲವೆಂದು ಭಾವಿಸಲು ಕಾರಣವಿಲ್ಲ.

ಭಾಗಗಳ ಹೆಸರು: ವೀಣೆಯ ಮಾತು ಸಾಕು

ಗಿಟಾರಿನ ಭಾಗಗಳಿಗೆ ಹೊಸ ಪದಗಳನ್ನು ಹುಡುಕುವ ಅಗತ್ಯವಿಲ್ಲ. ವೀಣೆ ನಮಗೆ ಆ ಪದಗಳನ್ನು ಆಗಲೇ ಕೊಟ್ಟಿದೆ. ತಂತಿಯನ್ನು ಬಿಗಿಗೊಳಿಸುವ ತಿರುಪು ಬಿರಡೆ. ಬೆರಳಿಡುವ ಲೋಹದ ಗೆರೆ ಮೆಟ್ಟು. ಅಂಗಡಿಯಲ್ಲಿ ಇದನ್ನು ಫ್ರೆಟ್ ಎನ್ನುತ್ತಾರೆ. ತಂತಿಯ ಕಂಪನವನ್ನು ಒಡಲಿಗೆ ದಾಟಿಸುವ ಮರದ ತುಂಡು ಕುದುರೆ. ಅಂಗಡಿಯ ಮಾತಿನಲ್ಲಿ ಬ್ರಿಡ್ಜ್. ಕುದುರೆಯ ಮೇಲೆ ನಿಂತಿರುವ ತೆಳುವಾದ ಬಿಳಿಯ ಪಟ್ಟಿಗೆ ಸ್ಯಾಡಲ್ ಎಂದೂ, ಕುತ್ತಿಗೆಯ ತುದಿಯಲ್ಲಿ, ಬಿರಡೆಗಳಿಗೆ ಸ್ವಲ್ಪ ಕೆಳಗೆ, ತಂತಿಗಳು ಹಾದುಹೋಗುವ ಆರು ಗೀರುಗಳುಳ್ಳ ಪಟ್ಟಿಗೆ ನಟ್ ಎಂದೂ ಹೆಸರು. ಈ ಎರಡು ಪದಗಳನ್ನು ಹಾಗೆಯೇ ಉಳಿಸಿಕೊಳ್ಳೋಣ. ದುರಸ್ತಿಗಾರರೊಡನೆ ಮಾತನಾಡುವಾಗ ಅವು ಬೇಕಾಗುತ್ತವೆ.

ವೀಣೆಯಲ್ಲಿರುವಂತೆಯೇ ಗಿಟಾರಿನ ಒಂದೊಂದು ಮೆಟ್ಟೂ ಅರ್ಧ ಸ್ವರದ ಅಂತರ. ಹನ್ನೆರಡನೆಯ ಮೆಟ್ಟಿಗೆ ಬಂದಾಗ ತಂತಿಯ ಉದ್ದ ಸರಿಯಾಗಿ ಅರ್ಧವಾಗುತ್ತದೆ. ಸ್ವರ ಮೇಲಿನ ಸ್ಥಾಯಿಯ ಷಡ್ಜವಾಗುತ್ತದೆ. ಇದೊಂದನ್ನು ನೆನಪಿಟ್ಟುಕೊಂಡರೆ ಮುಂದಿನ ಅಳತೆಗಳೆಲ್ಲ ಸುಲಭ.

ಯಾವ ಬಗೆಯ ಗಿಟಾರ್?

ಆರಂಭಿಕರಿಗೆ ಎರಡು ಆಯ್ಕೆಗಳಿವೆ.

ಮೊದಲನೆಯದು ನೈಲಾನ್ ತಂತಿಯ ಕ್ಲಾಸಿಕಲ್ ಗಿಟಾರ್. 19ನೆಯ ಶತಮಾನದಲ್ಲಿ ಸ್ಪೇನಿನ ಆಂಟೋನಿಯೊ ಡಿ ಟೊರೆಸ್ ರೂಪಿಸಿದ ಮಾದರಿ ಇದಕ್ಕೆ ಆಧಾರ. ತಂತಿಗಳು ಮೃದು, ಕುತ್ತಿಗೆ ಅಗಲ, ದನಿ ಮೆದು. ಕಿರಿಯ ಮಕ್ಕಳ ಬೆರಳಿಗೆ ಇದು ಕರುಣೆಯುಳ್ಳ ವಾದ್ಯ. ಆದರೆ ಕುತ್ತಿಗೆಯ ಅಗಲದಿಂದಾಗಿ ಪುಟ್ಟ ಕೈಗೆ ಕೆಲವು ಹಿಡಿತಗಳು ಎಟುಕುವುದಿಲ್ಲ.

ಎರಡನೆಯದು ಉಕ್ಕಿನ ತಂತಿಯ ಅಕೌಸ್ಟಿಕ್ ಗಿಟಾರ್. ದನಿ ಗಟ್ಟಿ, ಕುತ್ತಿಗೆ ಕಿರಿದು. ಸುಗಮ ಸಂಗೀತ, ಚಲನಚಿತ್ರಗೀತೆ, ಸಮೂಹಗಾನಗಳ ಜೊತೆಗೆ ಹೊಂದುತ್ತದೆ. ಮೊದಲ ಕೆಲವು ವಾರ ಬೆರಳು ನೋಯುತ್ತದೆ. ಆ ನೋವು ಸಹಜ. ಚರ್ಮ ಗಟ್ಟಿಯಾದಂತೆ ಇಳಿಯುತ್ತದೆ. ಎರಡು ತಿಂಗಳಾದರೂ ಇಳಿಯದಿದ್ದರೆ ತಪ್ಪು ಬೆರಳಿನದಲ್ಲ, ತಂತಿಯ ಎತ್ತರದ್ದು.

ಒಂದು ಎಚ್ಚರಿಕೆ: ನೈಲಾನ್ ಗಿಟಾರಿಗೆ ಉಕ್ಕಿನ ತಂತಿಯನ್ನು ಎಂದಿಗೂ ಹಾಕಬಾರದು. ಆರು ನೈಲಾನ್ ತಂತಿಗಳ ಒಟ್ಟು ಎಳೆತ ಸುಮಾರು 40 ಕಿಲೋಗ್ರಾಂ ಭಾರದಷ್ಟಿದ್ದರೆ, ಉಕ್ಕಿನ ತೆಳು ತಂತಿಗಳದ್ದೇ 70 ಕಿಲೋಗ್ರಾಂ ದಾಟುತ್ತದೆ. ಕುದುರೆ ಕಿತ್ತು ಬರುತ್ತದೆ. "ದನಿ ಜೋರಾಗಲಿ" ಎಂಬ ಆಸೆಯಿಂದ ಹೀಗೆ ಹಾಳಾದ ವಾದ್ಯಗಳನ್ನು ನಾನು ಕಂಡಿದ್ದೇನೆ.

ತೀರ ಚಿಕ್ಕ ಮಕ್ಕಳಿಗೆ ನಾಲ್ಕು ನೈಲಾನ್ ತಂತಿಗಳ ಉಕುಲೇಲೆ ಒಳ್ಳೆಯ ಮೊದಲ ಮೆಟ್ಟಿಲು. ಬೆಲೆಯೂ ಕಡಿಮೆ, ಅಲ್ಲಿ ಕಲಿತದ್ದು ಮುಂದೆ ಗಿಟಾರಿಗೆ ಒದಗುತ್ತದೆ.

ಅಳತೆ: ಮಗು ಬೆಳೆಯುತ್ತದೆಂದು ದೊಡ್ಡದು ಕೊಳ್ಳಬೇಡಿ

ಸಮವಸ್ತ್ರವನ್ನು ಒಂದು ಅಳತೆ ದೊಡ್ಡದಾಗಿ ಹೊಲಿಸುವುದು ನಮ್ಮ ರೂಢಿ. ಗಿಟಾರಿನಲ್ಲಿ ಆ ಲೆಕ್ಕ ನಡೆಯದು. ಸ್ಥೂಲವಾಗಿ ಹೇಳುವುದಾದರೆ, 5ರಿಂದ 8 ವರ್ಷದವರಿಗೆ ಸುಮಾರು 30 ಇಂಚಿನ ಅರ್ಧ ಅಳತೆ, 8ರಿಂದ 11 ವರ್ಷದವರಿಗೆ ಸುಮಾರು 36 ಇಂಚಿನ ಮುಕ್ಕಾಲು ಅಳತೆ, 12 ದಾಟಿದವರಿಗೆ 39ರಿಂದ 41 ಇಂಚಿನ ಪೂರ್ಣ ಅಳತೆ. ಹಲವು ಭಾರತೀಯ ಕಂಪನಿಗಳು ಮಾರುವ 38 ಇಂಚಿನ ವಾದ್ಯ ಇವೆರಡರ ನಡುವಿನದು; ಸಣ್ಣ ಮೈಕಟ್ಟಿನ ಪ್ರೌಢಶಾಲಾ ಮಕ್ಕಳಿಗೆ ಸರಿಹೋಗುತ್ತದೆ.

ವಯಸ್ಸಿಗಿಂತ ಕೈಯೇ ಪ್ರಮಾಣ. ಮಗುವನ್ನು ಕುರ್ಚಿಯಲ್ಲಿ ಕೂರಿಸಿ ವಾದ್ಯವನ್ನು ತೊಡೆಯ ಮೇಲಿಡಿ. ಎಡಗೈಯಿಂದ ಮೊದಲ ಮೆಟ್ಟನ್ನು ಮುಟ್ಟುವಾಗ ಮೊಣಕೈ ಸ್ವಲ್ಪ ಮಡಿಚಿಯೇ ಇರಬೇಕು, ಬಲತೋಳು ಒಡಲಿನ ಮೇಲೆ ಭುಜ ಎತ್ತದೆ ಒರಗಬೇಕು. ಇವೆರಡೂ ಸಾಧ್ಯವಾದರೆ ಅಳತೆ ಸರಿ.

ಹಣದ ಲೆಕ್ಕ

ಬೆಲೆ ಊರಿಂದ ಊರಿಗೆ, ಹಬ್ಬದಿಂದ ಹಬ್ಬಕ್ಕೆ ಬದಲಾಗುತ್ತದೆ. ಆದರೂ ಅಂದಾಜಿಗೆ ಹೇಳುವುದಾದರೆ, 2,500 ರೂಪಾಯಿಗಿಂತ ಕೆಳಗಿನ ಪೂರ್ಣ ಅಳತೆಯ ಗಿಟಾರುಗಳಲ್ಲಿ ಶ್ರುತಿ ನಿಲ್ಲದ ಬಿರಡೆಗಳೂ ಓರೆಯಾದ ಕುತ್ತಿಗೆಗಳೂ ಹೆಚ್ಚು. 3,500ರಿಂದ 6,000ದ ನಡುವೆ ಹುಡುಕಿದರೆ ಹದಗೊಳಿಸಿ ಬಳಸಬಹುದಾದ ವಾದ್ಯ ಸಿಗುತ್ತದೆ. ಕೋಲ್ಕತ್ತದ ಗಿವ್ಸನ್ ಮೊದಲಾದ ದೇಶೀಯ ತಯಾರಿಕೆಗಳು ಈ ವರ್ಗದಲ್ಲಿವೆ. ಅದಕ್ಕಿಂತ ಮೇಲೆ, ಯಮಹಾ ಸಂಸ್ಥೆಯು ಚೆನ್ನೈ ಬಳಿಯ ತನ್ನ ಕಾರ್ಖಾನೆಯಲ್ಲಿ ತಯಾರಿಸುವ ಎಫ್280, ಅದರದ್ದೇ ಎಫ್310 ಮತ್ತು ನೈಲಾನ್ ತಂತಿಯ ಸಿ40 ಮಾದರಿಗಳು ವಿದ್ಯಾರ್ಥಿಗಳಲ್ಲಿ ಬಳಕೆಯಲ್ಲಿವೆ.

ನನ್ನ ಸಲಹೆ ಇಷ್ಟೆ: ಇರುವ ಹಣವನ್ನೆಲ್ಲ ವಾದ್ಯಕ್ಕೇ ಸುರಿಯಬೇಡಿ. ಕೈಯಲ್ಲಿ 6,000 ರೂಪಾಯಿ ಇದ್ದರೆ ವಾದ್ಯಕ್ಕೆ 4,500 ಇಟ್ಟುಕೊಳ್ಳಿ. ಉಳಿದ 1,500ರಲ್ಲಿ ಹದಗೊಳಿಸುವ ಕೂಲಿ, ಹೊಸ ತಂತಿಯ ಒಂದು ಜೊತೆ, ಬಿರಡೆಯ ತಲೆಗೆ ಸಿಕ್ಕಿಸುವ ಶ್ರುತಿಮಾಪಕ ಮತ್ತು ಮೆತ್ತೆಯುಳ್ಳ ಚೀಲ ಬರಬೇಕು. ಹದಗೊಳಿಸಿದ 4,500ರ ವಾದ್ಯ, ಹದಗೊಳಿಸದ 6,000ದ ವಾದ್ಯಕ್ಕಿಂತ ಉತ್ತಮವಾಗಿ ನುಡಿಯುತ್ತದೆ.

ಮೇಲ್ಮರದ ವಿಚಾರದಲ್ಲಿ ಒಂದು ಮಾತು. ಇಡಿಯ ಹಲಗೆಯ ಮೇಲ್ಮೈಯುಳ್ಳ ಗಿಟಾರಿನ ನಾದ ಶ್ರೀಮಂತವೆಂಬುದು ನಿಜ. ಆದರೆ ಅದು ತೇವಕ್ಕೆ ಬೇಗ ಬಾಗುತ್ತದೆ. ಪದರ ಪದರವಾಗಿ ಅಂಟಿಸಿದ ಹಲಗೆಯ ವಾದ್ಯ ನಮ್ಮ ಕರಾವಳಿಯ ಮಳೆಗಾಲವನ್ನು ಹೆಚ್ಚು ತಾಳುತ್ತದೆ. ಮೊದಲ ಗಿಟಾರಿಗೆ ಅದೇ ಸಾಕು.

ಅಂಗಡಿಯಲ್ಲಿ ಪರೀಕ್ಷೆ

ಜ್ಯಾಮಿತಿ ಪೆಟ್ಟಿಗೆಯ ಅಳತೆಪಟ್ಟಿ, ಹೊಲಿಗೆಯ ಟೇಪು ಮತ್ತು ಉಬ್ಬು ಅಕ್ಷರಗಳಿಲ್ಲದ ಮೂರು ಎಟಿಎಂ ಕಾರ್ಡುಗಳನ್ನು ಜೊತೆಗೊಯ್ಯಿರಿ. ಈ ಕ್ರಮದಲ್ಲಿ ನೋಡಿ:

1. ಕುತ್ತಿಗೆ ನೇರವಿದೆಯೇ? ಬಿರಡೆಗಳ ಕಡೆಯಿಂದ ಒಂದು ಕಣ್ಣು ಮುಚ್ಚಿ, ಬಡಗಿ ಹಲಗೆಯನ್ನು ನೋಡುವಂತೆ ಕುತ್ತಿಗೆಯುದ್ದಕ್ಕೂ ನೋಡಿ. ಮುಂದಕ್ಕೆ ಅತಿ ಸಣ್ಣ ಬಾಗು ಇರಬಹುದು. ಹಗ್ಗದಂತೆ ತಿರುಚಿದ್ದರೆ ಬೇಡವೆನ್ನಿ, ಅದಕ್ಕೆ ಮದ್ದಿಲ್ಲ.

2. ತಂತಿಯ ಎತ್ತರ. ಹನ್ನೆರಡನೆಯ ಮೆಟ್ಟಿನ ಮೇಲೆ ಕಾರ್ಡುಗಳನ್ನು ಇಟ್ಟು, ದಪ್ಪ ತಂತಿಯ ಕೆಳಗೆ ತೂರಿಸಿ. ಒಂದು ಕಾರ್ಡಿನ ದಪ್ಪ 0.76 ಮಿ.ಮೀ.; ಮೂರು ಸೇರಿದರೆ ಸುಮಾರು 2.3 ಮಿ.ಮೀ. ಉಕ್ಕಿನ ತಂತಿಗೆ ಮೂರು ಕಾರ್ಡು ತಂತಿಯನ್ನು ತಾಗಿಯೂ ತಾಗದಂತೆ ನಿಂತರೆ ಉತ್ತಮ. ಐದು ಕಾರ್ಡು ಸಲೀಸಾಗಿ ಹಿಡಿಸಿದರೆ ವಾದ್ಯಕ್ಕೆ ಕೆಲಸ ಬೇಕು. ನೈಲಾನ್ ತಂತಿ ಅಗಲವಾಗಿ ಕಂಪಿಸುವುದರಿಂದ ಅದಕ್ಕೆ 3.5ರಿಂದ 4 ಮಿ.ಮೀ.ವರೆಗೆ ಸಲ್ಲುತ್ತದೆ.

3. ಮೆಟ್ಟುಗಳ ಸ್ಥಾನ. ನಟ್‌ನಿಂದ ಹನ್ನೆರಡನೆಯ ಮೆಟ್ಟಿಗೂ, ಅಲ್ಲಿಂದ ಸ್ಯಾಡಲ್‌ಗೂ ಟೇಪು ಹಿಡಿಯಿರಿ. ಎರಡೂ ಬಹುತೇಕ ಸಮವಿದ್ದು, ಎರಡನೆಯದು ಎರಡು-ಮೂರು ಮಿ.ಮೀ. ಹೆಚ್ಚಿರಬೇಕು. ತಂತಿಯನ್ನು ಒತ್ತಿದಾಗ ಬಿಗಿ ಹೆಚ್ಚಿ ಸ್ವರ ಏರುವುದನ್ನು ಸರಿದೂಗಿಸಲು ಈ ಹೆಚ್ಚುವರಿ. ಅಂತರ ಸೆಂಟಿಮೀಟರಿನಷ್ಟಿದ್ದರೆ ಆ ವಾದ್ಯ ಎಂದಿಗೂ ಶ್ರುತಿಯಲ್ಲಿ ನುಡಿಯದು.

4. ಪ್ರತಿ ಮೆಟ್ಟಿನ ನಾದ. ಆರೂ ತಂತಿಗಳಲ್ಲಿ ಒಂದೊಂದೇ ಮೆಟ್ಟನ್ನು ಒತ್ತಿ ಮೀಟಿ. ಎಲ್ಲಾದರೂ ಝರ್ ಎಂಬ ಸದ್ದು ಬಂದರೆ ಗುರುತು ಮಾಡಿಕೊಳ್ಳಿ.

5. ಕುದುರೆಯ ಅಂಚು. ಕುದುರೆಯ ಹಿಂಬದಿಗೂ ಮೇಲ್ಮರಕ್ಕೂ ನಡುವೆ ತೆಳು ಕಾಗದವನ್ನು ತೂರಿಸಿ ನೋಡಿ. ಕಾಗದ ಒಳಹೋದರೆ ಅಂಟು ಬಿಡುತ್ತಿದೆ ಎಂದರ್ಥ. ಹಳೆಯ ವಾದ್ಯ ಕೊಳ್ಳುವವರು ಈ ಪರೀಕ್ಷೆಯನ್ನು ಮರೆಯಬಾರದು.

6. ಮೆಟ್ಟುಗಳ ತುದಿ. ಕುತ್ತಿಗೆಯ ಅಂಚಿನುದ್ದಕ್ಕೂ ಬೆರಳಾಡಿಸಿ. ಲೋಹದ ತುದಿಗಳು ಚುಚ್ಚುತ್ತಿದ್ದರೆ ಅರದಿಂದ ಸವರಿ ಕೊಡಲು ಕೇಳಿ.

ಆನ್‌ಲೈನ್‌ನಲ್ಲಿ ತರಿಸುವವರು ಹಿಂದಿರುಗಿಸುವ ಅವಧಿ ಮುಗಿಯುವ ಮೊದಲೇ ಇವೆಲ್ಲವನ್ನೂ ಮನೆಯಲ್ಲಿ ನೋಡಿಕೊಳ್ಳಬೇಕು. ಬಿಲ್ಲನ್ನು ಜೋಪಾನವಾಗಿಡಿ.

ಹದಗೊಳಿಸುವ ಕ್ರಮ

ಹದಗೊಳಿಸುವುದಕ್ಕೆ ಒಂದು ಅನುಕ್ರಮವಿದೆ: ಮೊದಲು ತಂತಿ, ಬಳಿಕ ಕುತ್ತಿಗೆ, ಆಮೇಲೆ ಎತ್ತರ, ಕೊನೆಗೆ ಶ್ರುತಿಶುದ್ಧಿ. ಹಿಂದುಮುಂದಾದರೆ ಮಾಡಿದ ಕೆಲಸವನ್ನೇ ಮತ್ತೆ ಮಾಡಬೇಕಾಗುತ್ತದೆ.

*ತಂತಿ.* ಅಗ್ಗದ ವಾದ್ಯದೊಡನೆ ಬರುವ ತಂತಿಗಳು ಹಲವು ವೇಳೆ ತುಕ್ಕು ಹಿಡಿದಿರುತ್ತವೆ. ಹೊಸದಾಗಿ ತೆಳುವಾದ ಜೊತೆಯನ್ನು ಕೊಳ್ಳಿ. ಅತಿ ತೆಳು ತಂತಿ 0.010 ಅಥವಾ 0.011 ಇಂಚು ಎಂದು ಬರೆದಿರುವ ಪೊಟ್ಟಣ ಮಕ್ಕಳಿಗೆ ಹಿತ. ಒಂದನ್ನು ತೆಗೆದು ಒಂದನ್ನು ಹಾಕಿ. ಬಿರಡೆಗೆ ಎರಡು-ಮೂರು ಸುತ್ತು ಸಾಕು. ಬಿಗಿಗೊಳಿಸುವಾಗ ಮುಖವನ್ನು ದೂರವಿಡಿ. ತಂತಿ ಹರಿದು ಕಣ್ಣಿಗೆ ತಾಗುವ ಅಪಾಯವಿದೆ. ಈ ಕೆಲಸವನ್ನು ಹಿರಿಯರೇ ಮಾಡಲಿ.

*ಕುತ್ತಿಗೆ.* ಉಕ್ಕಿನ ತಂತಿಯ ಗಿಟಾರಿನ ಕುತ್ತಿಗೆಯೊಳಗೆ ಸಾಮಾನ್ಯವಾಗಿ ಒಂದು ಲೋಹದ ಸಲಾಕೆ ಇರುತ್ತದೆ. ಶ್ರುತಿ ಮಾಡಿದ ನಂತರ ದಪ್ಪ ತಂತಿಯನ್ನು ಮೊದಲ ಮೆಟ್ಟಿನಲ್ಲೂ, ಕುತ್ತಿಗೆ ಒಡಲನ್ನು ಸೇರುವ ಹದಿನಾಲ್ಕನೆಯ ಮೆಟ್ಟಿನಲ್ಲೂ ಒತ್ತಿ ಹಿಡಿಯಿರಿ. ಏಳನೆಯ ಮೆಟ್ಟಿನ ಮೇಲೆ ಒಂದು ಅಂಚೆ ಕಾರ್ಡಿನ ದಪ್ಪದಷ್ಟು, ಅಂದರೆ ಸುಮಾರು 0.25 ಮಿ.ಮೀ., ಸಂದು ಇರಬೇಕು. ಹೆಚ್ಚಿದ್ದರೆ ಸಲಾಕೆಯ ತಿರುಪನ್ನು ಪ್ರದಕ್ಷಿಣವಾಗಿ ಕಾಲು ಸುತ್ತು ತಿರುಗಿಸಿ, ಮತ್ತೆ ಶ್ರುತಿ ಮಾಡಿ ಅಳೆಯಿರಿ. ಏನೂ ಸಂದಿಲ್ಲದಿದ್ದರೆ ಅಪ್ರದಕ್ಷಿಣವಾಗಿ. ಒಮ್ಮೆಗೆ ಕಾಲು ಸುತ್ತಿಗಿಂತ ಹೆಚ್ಚು ಬೇಡ. ತಿರುಪು ಗಟ್ಟಿಯಾಗಿದ್ದರೆ ಬಲ ಹಾಕದೆ ದುರಸ್ತಿಗಾರರಿಗೆ ಕೊಡಿ. ನೈಲಾನ್ ಗಿಟಾರುಗಳಲ್ಲಿ ಹಲವಕ್ಕೆ ಈ ಸಲಾಕೆಯೇ ಇರುವುದಿಲ್ಲ.

*ಎತ್ತರ.* ನಮ್ಮ ವಿದ್ಯಾರ್ಥಿನಿಯ ಗಿಟಾರಿಗೆ ಆದದ್ದು ಈ ಕೆಲಸ. ಹನ್ನೆರಡನೆಯ ಮೆಟ್ಟು ತಂತಿಯ ಸರಿಮಧ್ಯದಲ್ಲಿರುವುದರಿಂದ, ಅಲ್ಲಿ ಒಂದು ಮಿ.ಮೀ. ತಗ್ಗಬೇಕಾದರೆ ಸ್ಯಾಡಲ್ ಎರಡು ಮಿ.ಮೀ. ತಗ್ಗಬೇಕು. ತಂತಿಗಳನ್ನು ಸಡಿಲಿಸಿ ಸ್ಯಾಡಲನ್ನು ಮೇಲಕ್ಕೆಳೆದು ತೆಗೆಯಿರಿ. ತೇಯಬೇಕಾದ ಭಾಗವನ್ನು ತಳದ ಕಡೆಯಿಂದ ಪೆನ್ಸಿಲಿನಲ್ಲಿ ಗೆರೆಹಾಕಿ ಗುರುತಿಸಿ. ಗಾಜಿನ ಮೇಲೆ ಮರಳುಕಾಗದ ಅಂಟಿಸಿ, ಸ್ಯಾಡಲನ್ನು ನೇರವಾಗಿ ಹಿಡಿದು ತಳವನ್ನಷ್ಟೇ ತೇಯಿರಿ. ತಳ ಓರೆಯಾದರೆ ನಾದ ಕುಗ್ಗುತ್ತದೆ. ಗೆರೆಗಿಂತ ಅರ್ಧ ಮಿ.ಮೀ. ಮುಂಚೆಯೇ ನಿಲ್ಲಿಸಿ, ಹಾಕಿ ನೋಡಿ, ಬೇಕಾದರೆ ಮತ್ತೆ ತೇಯಿರಿ. ತೇಯ್ದದ್ದನ್ನು ಮರಳಿ ಸೇರಿಸಲಾಗದು. ಆದರೆ ಹೊಸ ಸ್ಯಾಡಲ್ ದುಬಾರಿಯಲ್ಲ, ಹೆದರಬೇಕಾಗಿಲ್ಲ.

ನಟ್‌ನ ಗೀರುಗಳೂ ಆಳ ಸಾಲದೆ ಇರಬಹುದು. ಮೂರನೆಯ ಮೆಟ್ಟಿನಲ್ಲಿ ತಂತಿಯನ್ನು ಒತ್ತಿ ಹಿಡಿದಾಗ ಮೊದಲ ಮೆಟ್ಟಿನ ಮೇಲೆ ಕೂದಲೆಳೆಯಷ್ಟೇ ಸಂದು ಕಾಣಬೇಕು. ಹೆಚ್ಚಿದ್ದರೆ ಮೊದಲ ಮೆಟ್ಟಿನ ಹಿಡಿತಗಳು ಮಗುವಿಗೆ ಕಠಿಣ. ಈ ಕೆಲಸಕ್ಕೆ ಸಣ್ಣ ಅರಗಳೂ ಪಳಗಿದ ಕೈಯೂ ಬೇಕು. ಇದನ್ನು ಮನೆಯಲ್ಲಿ ಮಾಡಬೇಡಿ.

*ಶ್ರುತಿಶುದ್ಧಿ.* ಹನ್ನೆರಡನೆಯ ಮೆಟ್ಟಿನ ನೇರಕ್ಕೆ ತಂತಿಯನ್ನು ಒತ್ತದೆ ಸುಮ್ಮನೆ ಮುಟ್ಟಿ ಮೀಟಿದರೆ ಗಂಟೆಯಂಥ ಸ್ವರ ಬರುತ್ತದೆ. ಅದೇ ಮೆಟ್ಟನ್ನು ಒತ್ತಿ ಮೀಟಿದಾಗ ಬರುವ ಸ್ವರವೂ ಅದರೊಡನೆ ಹೊಂದಬೇಕು. ಒತ್ತಿದ ಸ್ವರ ಹೆಚ್ಚು ಏರಿದ್ದರೆ ಮೊದಲು ತಂತಿ ಬದಲಿಸಿ ನೋಡಿ. ಅನೇಕ ವೇಳೆ ಹಳೆಯ ತಂತಿಯೇ ಕಾರಣ.

ಶಾಲೆಯ ಹಾರ್ಮೋನಿಯಂನಿಂದ ಶ್ರುತಿ

ಗಿಟಾರ್ ಪುಸ್ತಕಗಳು ತಂತಿಗಳನ್ನು ಇಂಗ್ಲಿಷ್ ಅಕ್ಷರಗಳಿಂದ ಗುರುತಿಸುತ್ತವೆ: ದಪ್ಪ ತಂತಿಯಿಂದ ತೆಳುವಿಗೆ ಇ, ಎ, ಡಿ, ಜಿ, ಬಿ, ಇ. ಯಕ್ಷಗಾನದ ಚೌಕಿಯಲ್ಲಿ ಬೆಳೆದ ನಮ್ಮ ಮಕ್ಕಳಿಗೆ ಇದನ್ನು ಬೇರೆ ರೀತಿಯಲ್ಲಿ ಹೇಳಬಹುದು. ಭಾಗವತರು "ಕಪ್ಪು ಎರಡು", "ಬಿಳಿ ಐದು" ಎಂದು ಶ್ರುತಿ ಹೇಳುವ ಪದ್ಧತಿಯಲ್ಲಿ ಆರು ತಂತಿಗಳು ಹೀಗಿವೆ: ಬಿಳಿ 3, ಬಿಳಿ 6, ಬಿಳಿ 2, ಬಿಳಿ 5, ಬಿಳಿ 7, ಬಿಳಿ 3. ಮೊದಲ ಮತ್ತು ಕೊನೆಯ ತಂತಿ ಒಂದೇ ಸ್ವರ, ನಡುವೆ ಎರಡು ಸ್ಥಾಯಿಗಳ ಅಂತರ.

ಶಾಲೆಯ ಹಾರ್ಮೋನಿಯಂ ಹಳೆಯದಾಗಿದ್ದು ಮೊಬೈಲಿನ ಶ್ರುತಿಮಾಪಕಕ್ಕೆ ಹೊಂದದಿರಬಹುದು. ಪ್ರಾರ್ಥನೆಗೆ ಎರಡೂ ಜೊತೆಯಾಗಿ ನುಡಿಯಬೇಕಾದರೆ ಹಾರ್ಮೋನಿಯಂಗೇ ಗಿಟಾರನ್ನು ಹೊಂದಿಸಿ. ಮನೆಯಲ್ಲಿ ಒಬ್ಬರೇ ನುಡಿಸುವಾಗ ಮಾಪಕ ಸಾಕು.

ಒಂದು ತಂತಿ ಸರಿಯಾದರೆ ಉಳಿದವನ್ನು ಅದರಿಂದಲೇ ಸರಿಪಡಿಸಬಹುದು. ದಪ್ಪ ತಂತಿಯ ಐದನೆಯ ಮೆಟ್ಟಿನ ಸ್ವರವೇ ಮುಂದಿನ ತಂತಿಯ ಬಿಡಿ ಸ್ವರ. ಹೀಗೆಯೇ ಮುಂದುವರಿಯಿರಿ. ಜಿ ತಂತಿಯಿಂದ ಬಿ ತಂತಿಗೆ ಮಾತ್ರ ಐದರ ಬದಲು ನಾಲ್ಕನೆಯ ಮೆಟ್ಟು.

ಸಂಗೀತ ಪಾಠಕ್ಕೆ ಹೋಗುವ ಮಕ್ಕಳಿಗೆ ಇನ್ನೊಂದು ಪ್ರಯೋಜನವಿದೆ. ಎ ಮತ್ತು ಡಿ ತಂತಿಗಳು ಪರಸ್ಪರ ಮಂದ್ರ ಪಂಚಮ ಮತ್ತು ಷಡ್ಜ. ಅವೆರಡನ್ನೇ ಮೀಟುತ್ತಿದ್ದರೆ ಬಿಳಿ 2ರ ತಂಬೂರಿ ಸಿದ್ಧ. ಎಲ್ಲ ತಂತಿಗಳನ್ನೂ ಒಟ್ಟಿಗೆ ಒತ್ತಿ ಹಿಡಿಯುವ ಕೇಪೊ ಎಂಬ ಹಿಡಿಕೆಯನ್ನು ಐದನೆಯ ಮೆಟ್ಟಿಗೆ ಹಾಕಿದರೆ ಅದೇ ಬಿಳಿ 5 ಆಗುತ್ತದೆ. ಹೆಣ್ಣುಮಕ್ಕಳ ಕಂಠಕ್ಕೆ ಹೊಂದುವ ಶ್ರುತಿ ಅದು. ಗಿಟಾರ್ ನಮ್ಮ ಸಂಗೀತಕ್ಕೆ ಹೊರಗಿನದೆಂಬ ಸಂಕೋಚವೂ ಬೇಡ. ಕರ್ನಾಟಕ ಸಂಗೀತವನ್ನು ಗಿಟಾರಿನಲ್ಲಿ ನುಡಿಸುವ ಆರ್. ಪ್ರಸನ್ನ, ಗಿಟಾರನ್ನು ಮೋಹನ ವೀಣೆಯಾಗಿ ಮಾರ್ಪಡಿಸಿ 1994ರಲ್ಲಿ ಗ್ರ್ಯಾಮಿ ಪಡೆದ ವಿಶ್ವಮೋಹನ ಭಟ್ಟರು ಆ ದಾರಿಯನ್ನು ತೆರೆದಿದ್ದಾರೆ.

ಹವೆಗೆ ತಕ್ಕ ಆರೈಕೆ

ಗಡಿನಾಡಿನ ಹವೆ ಒಂದೇ ಅಲ್ಲ. ಆರೈಕೆಯೂ ಒಂದೇ ಆಗದು. ಕಾಸರಗೋಡು, ವಯನಾಡು, ಗೋವಾ, ನೀಲಗಿರಿಗಳಲ್ಲಿ ಶತ್ರು ತೇವ. ಮರ ಉಬ್ಬಿ ತಂತಿ ಮೇಲೇಳುತ್ತದೆ, ಉಕ್ಕು ತುಕ್ಕು ಹಿಡಿಯುತ್ತದೆ, ಚೀಲಕ್ಕೆ ಬೂಸಲು ಬರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚೀಲದಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳನ್ನಿಡಿ. ವಾದ್ಯವನ್ನು ಹೊರಗೋಡೆಗೆ ಒರಗಿಸಬೇಡಿ. ನುಡಿಸಿದ ಮೇಲೆ ಒಣ ಹತ್ತಿಬಟ್ಟೆಯಿಂದ ತಂತಿಗಳನ್ನು ಒರೆಸಿ.

ಸೊಲ್ಲಾಪುರ, ಜತ್ತ, ಆದೋನಿ, ರಾಯದುರ್ಗಗಳ ಬೇಸಿಗೆಯಲ್ಲಿ ಶತ್ರು ಒಣಹವೆ. ಕುತ್ತಿಗೆಯ ಮರ ಕುಗ್ಗಿ ಮೆಟ್ಟುಗಳ ತುದಿ ಹೊರಚಾಚುತ್ತದೆ, ಮೇಲ್ಮರ ಸೀಳಬಹುದು. ತಗಡಿನ ಮಾಡಿನ ಕೆಳಗೆ, ನಿಲ್ಲಿಸಿದ ವಾಹನದೊಳಗೆ ಗಿಟಾರನ್ನು ಬಿಡಬೇಡಿ. ಬಿಸಿಗೆ ಅಂಟು ಸಡಿಲವಾಗುತ್ತದೆ. ಎರಡೂ ಕಡೆಗಳಲ್ಲಿ, ಋತು ಬದಲಾದಾಗ ಒಮ್ಮೆ ಕಾರ್ಡುಗಳಿಂದ ತಂತಿಯ ಎತ್ತರವನ್ನು ಅಳೆದು ನೋಡುವುದು ಒಳ್ಳೆಯದು.

ಶಾಲೆಗೆ ಒಂದು, ಹತ್ತು ಮಕ್ಕಳಿಗೆ

ಪ್ರತಿ ಮನೆಯೂ ಗಿಟಾರ್ ಕೊಳ್ಳಲಾಗದು. ರಕ್ಷಕ-ಶಿಕ್ಷಕ ಸಂಘಗಳು ಒಂದು ಮುಕ್ಕಾಲು ಅಳತೆಯ ಮತ್ತು ಒಂದು ಪೂರ್ಣ ಅಳತೆಯ ವಾದ್ಯವನ್ನು ಕೊಂಡು, ಗ್ರಂಥಾಲಯದ ಪುಸ್ತಕದಂತೆ ವಾರದ ಲೆಕ್ಕದಲ್ಲಿ ಮನೆಗೆ ಕೊಡಬಹುದು. ಒಂದು ನೋಟು ಪುಸ್ತಕವಿರಲಿ: ಯಾರು ಒಯ್ದರು, ಯಾವಾಗ ತಂತಿ ಬದಲಾಯಿತು, ಹನ್ನೆರಡನೆಯ ಮೆಟ್ಟಿನಲ್ಲಿ ಎತ್ತರ ಎಷ್ಟು. ಅಳೆದು ಬರೆಯುವ ಕೆಲಸವನ್ನು ಮಕ್ಕಳಿಗೇ ವಹಿಸಿ. ಒಂದು ಮೆಟ್ಟಿನಿಂದ ಮುಂದಿನದಕ್ಕಿರುವ ದೂರವನ್ನು ಕಂಡುಹಿಡಿಯಲು, ಆ ಮೆಟ್ಟಿನಿಂದ ಸ್ಯಾಡಲ್‌ವರೆಗೆ ಉಳಿದ ಉದ್ದವನ್ನು 17.817ರಿಂದ ಭಾಗಿಸಬೇಕು. 650 ಮಿ.ಮೀ. ತಂತಿಯಲ್ಲಿ ಮೊದಲ ಮೆಟ್ಟು ನಟ್‌ನಿಂದ 36.5 ಮಿ.ಮೀ. ದೂರ. ಮುಂದಿನ ಹನ್ನೊಂದನ್ನು ಲೆಕ್ಕ ಹಾಕಿ, ಹನ್ನೆರಡನೆಯದು 325ಕ್ಕೆ ಬರುತ್ತದೆಯೇ ಎಂದು ನೋಡುವುದು ಒಂದು ಒಳ್ಳೆಯ ಗಣಿತ ಪಾಠ.

ಮಗು "ನನ್ನಿಂದಾಗದು" ಎಂದಾಗ, ಅದನ್ನು ನಂಬುವ ಮೊದಲು ಮೂರು ಕಾರ್ಡುಗಳನ್ನು ತೆಗೆದುಕೊಂಡು ಹನ್ನೆರಡನೆಯ ಮೆಟ್ಟಿನ ಬಳಿ ಹೋಗಿ. ನಾನು ಅಷ್ಟನ್ನು ಮಾಡಿದ್ದರೆ ಒಂದು ಮಗುವಿನ ಒಂದು ವರ್ಷ ಉಳಿಯುತ್ತಿತ್ತು.